ಆಡು ಕಾಯುವ ಹುಡುಗನ ಮೂರು ಹೆಸರು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ವಂದನೆಗಳನ್ನು ಬಿಟ್ಟಿದೆ.)

ಇವತ್ತು ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಊರು ಯಾವ ನಕಾಶೆಯಲ್ಲೂ ಇಲ್ಲ. ಒಬ್ಬ ಹೆಂಗಸು ಕೂತು ಕಲ್ಪಿಸಿ, ದ್ವೀಪಗಳಿಗೆ ಹೆಸರಿಟ್ಟು, ಸಮುದ್ರ ತುಂಬಿಸಿ ಮಾಡಿದ ಲೋಕ ಅವನದು. ಆದರೂ ಅವನ ಕತೆ ಓದುವಾಗ ನನಗೆ ನಮ್ಮ ಕನ್ನಡ ಶಾಲೆಯ ಹಿಂದಿನ ಬೆಂಚು ನೆನಪಾಗುತ್ತದೆ. ಯಾಕೆ ಅಂತ ನನಗೇ ತಿಳಿಯಲು ಬಹಳ ವರ್ಷ ಬೇಕಾಯಿತು.

ಮೊದಲು ನನ್ನದೇ ಒಂದು ಕತೆ. ಚಿಕ್ಕದು. ಹತ್ತನೇ ಕ್ಲಾಸು ಮುಗಿಸಿ ಒಂದು ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದೆ. ಅರ್ಜಿಯಲ್ಲಿ ನಾನು ಬರೆದ ಹೆಸರು ಒಂದು, ಕೈಗೆ ಬಂದ ಕಾಗದದಲ್ಲಿ ಇದ್ದದ್ದು ಇನ್ನೊಂದು. ಬಾಲಕ್ಕೆ ಒಂದು 'ನ್' ಸೇರಿತ್ತು. ಇಲ್ಲಿ ಕೂತವರಲ್ಲಿ ಎಷ್ಟು ನಾರಾಯಣರು ನಾರಾಯಣನ್ ಆಗಿದ್ದೀರಿ? ಎಷ್ಟು ಕೃಷ್ಣರು ಕೃಷ್ಣನ್ ಆಗಿದ್ದೀರಿ? ಕೈ ಎತ್ತುವುದು ಬೇಡ, ನಗು ಕೇಳಿಯೇ ಗೊತ್ತಾಯಿತು. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅಂತ ಈಗ ಅನಿಸುತ್ತದೆ. ಅವರ ಮಲಯಾಳದ ಕಿವಿಗೆ ಗಂಡಸಿನ ಹೆಸರು ಹಾಗೆಯೇ ಮುಗಿಯಬೇಕು. 'ನ್' ಇಲ್ಲದಿದ್ದರೆ ಚಿಲಕ ಹಾಕದ ಬಾಗಿಲಿನ ಹಾಗೆ, ಏನೋ ಬಾಕಿ ಉಳಿಯಿತು ಅನಿಸುತ್ತದೆ. ಆದರೆ ಆ ಅರ್ಧ ಅಕ್ಷರಕ್ಕಾಗಿ ನಾನು ಅಫಿಡವಿಟ್ ಹಿಡಿದುಕೊಂಡು ಅಲೆದಿದ್ದೇನೆ ನೋಡಿ, ಅದು ಮಾತ್ರ ಮರೆತಿಲ್ಲ.

ಆಮೇಲೆ ತೆಂಕು ಕಡೆ ಕಾಲೇಜಿಗೆ ಹೋದೆ. ಹಾಸ್ಟೆಲಿನಲ್ಲಿ ನನ್ನನ್ನು 'ಕನ್ನಡ' ಅಂತಲೇ ಕರೆಯುತ್ತಿದ್ದರು. 'ಕನ್ನಡ ಊಟಕ್ಕೆ ಬಂದನಾ?' ಅಂತ. ಪ್ರೀತಿಯಿಂದಲೇ. ಅದಾದ ಮೇಲೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದೆ. ಅಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಎರಡು ದಿನ ನನ್ನ ಮಾತು ಕೇಳಿ ಮೂರನೇ ದಿನ ಹೇಳಿದರು: 'ನೀವು ಕೇರಳದವರಲ್ವಾ? ಪರವಾಗಿಲ್ಲ, ಕನ್ನಡ ಚೆನ್ನಾಗಿ ಕಲಿತಿದ್ದೀರಿ.' ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಥ್ಯಾಂಕ್ಸ್ ಹೇಳಿದೆ. ಈಗಲೂ ನಾಚಿಕೆ ಆಗುವುದು ಅದಕ್ಕೇ, ಥ್ಯಾಂಕ್ಸ್ ಹೇಳಿದ್ದಕ್ಕೆ.

ಇರಲಿ. ಹುಡುಗನ ವಿಷಯಕ್ಕೆ ಬರುತ್ತೇನೆ.

ಅರ್ಸುಲಾ ಲೆ ಗ್ವಿನ್ ಎಂಬ ಅಮೆರಿಕದ ಲೇಖಕಿ 1968ರಲ್ಲಿ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಎಂಬ ಕಾದಂಬರಿ ಬರೆದರು. ಮಂತ್ರವಾದಿಗಳ ಶಾಲೆ, ಡ್ರ್ಯಾಗನ್, ದೋಣಿ, ಸಮುದ್ರ ಎಲ್ಲ ಇರುವ ಪುಸ್ತಕ. ಮಕ್ಕಳಿಗೆ ಅಂತ ಬರೆದದ್ದು. ಆದರೆ ನನಗೆ ಅದು ಹಿಡಿಸಿದ್ದು ಮೀಸೆ ನರೆತ ಮೇಲೆ.

ಅದರ ನಾಯಕ ಗಾಂಟ್ ಎಂಬ ಬೆಟ್ಟದ ದ್ವೀಪದ ಹುಡುಗ. ಅಪ್ಪ ಕಂಚುಗಾರ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಹುಡುಗನಿಗೆ ವರ್ಷ ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಆರು ಜನ ಅಣ್ಣಂದಿರು ಒಬ್ಬೊಬ್ಬರಾಗಿ ಮನೆ ಬಿಟ್ಟರು. ಇವನು ಆಡುಗಳ ಜೊತೆ ಬೆಳೆದ. ಅಮ್ಮ ಸಾಯುವ ಮೊದಲು ಡ್ಯೂನಿ ಅಂತ ಹೆಸರಿಟ್ಟಿದ್ದಳು. ಅಮ್ಮ ಅವನಿಗೆ ಬಿಟ್ಟುಹೋದದ್ದು ಅದೊಂದೇ.

ಏಳು ವರ್ಷದವನಿದ್ದಾಗ ಒಂದು ದಿನ ಅವನ ಚಿಕ್ಕಮ್ಮ ಮಾಡಿನ ಮೇಲೆ ಹತ್ತಿದ ಆಡನ್ನು ಏನೋ ಮಂತ್ರ ಹೇಳಿ ಇಳಿಸುವುದನ್ನು ನೋಡಿದ. ಚಿಕ್ಕಮ್ಮ ಊರಿನ ಮಾಟಗಾತಿ. ಮಾರನೆಯ ದಿನ ಗುಡ್ಡದಲ್ಲಿ ಅದೇ ಮಾತನ್ನು ಸುಮ್ನೆ ಕೂಗಿ ನೋಡಿದ. ಆಡುಗಳು ಬಂದವು. ಸದ್ದಿಲ್ಲದೆ ಬಂದು ಸುತ್ತ ನಿಂತವು. ಇನ್ನೊಮ್ಮೆ ಹೇಳಿದ, ಇನ್ನೂ ಹತ್ತಿರ ಬಂದವು. ಮೈಗೆ ಮೈ ಒತ್ತಿ ನಿಂತವು, ಬಿಡಲಿಲ್ಲ. ಹುಡುಗ ಹೆದರಿ ಅಳುತ್ತಾ ಓಡಿದ. ಆಡುಗಳೂ ಅವನನ್ನು ಒತ್ತಿಕೊಂಡೇ ಊರೊಳಗೆ ಬಂದವು. ಚಿಕ್ಕಮ್ಮ ಬಂದು ಬಿಡಿಸಿದಳು. ಬಿಡಿಸಿ, ಅವನನ್ನು ಹೊಸದಾಗಿ ನೋಡಿದಳು.

ನನಗೆ ಇಡೀ ಪುಸ್ತಕದ ಬೀಜ ಇಲ್ಲೇ ಇದೆ ಅನಿಸುತ್ತದೆ. ಅಲ್ಲಿವರೆಗೆ ಆ ಹುಡುಗನನ್ನು ಯಾರೂ ನೋಡಿರಲಿಲ್ಲ. ಹಸಿವಾದಾಗ ನೋಡಲಿಲ್ಲ, ಒಬ್ಬನೇ ಇದ್ದಾಗ ನೋಡಲಿಲ್ಲ. ಶಕ್ತಿ ಇದೆ ಅಂತ ಗೊತ್ತಾದ ಕೂಡಲೇ ನೋಡಿದರು. ಏಳು ವರ್ಷದ ಮಗು ಅದರಿಂದ ಏನು ಕಲಿಯುತ್ತದೆ ಹೇಳಿ? ಏನಾದರೂ ಮಾಡಿ ತೋರಿಸಿದರೆ ಮಾತ್ರ ನಾನಿದ್ದೇನೆ, ಇಲ್ಲದಿದ್ದರೆ ಇಲ್ಲ ಅಂತ. ನಾನು ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದೆ. ಕನ್ನಡ ಮೀಡಿಯಂ ಮಕ್ಕಳ ಹೆಸರು ಊರವರ ಬಾಯಲ್ಲಿ ಬರುವುದು ರಿಸಲ್ಟ್ ದಿನ ಮಾತ್ರ. ಎಲ್ಲದರಲ್ಲೂ ಎ ಪ್ಲಸ್ ಬಂದವನ ಫೋಟೋ ಫ್ಲೆಕ್ಸಿನಲ್ಲಿ. ಉಳಿದವರು ಯಾರು, ಎಲ್ಲಿ ಹೋದರು, ಯಾರು ಕೇಳುತ್ತಾರೆ? ನಾನೂ ಕೇಳಿಲ್ಲ, ಸುಳ್ಳು ಯಾಕೆ ಹೇಳಲಿ.

ಹುಡುಗನಿಗೆ ಎರಡನೇ ಹೆಸರು ಬಂದದ್ದು ಆಮೇಲೆ. ಮಂತ್ರ ಕಲಿತು ಗಿಡುಗಗಳನ್ನು ಕರೆಯುತ್ತಿದ್ದನಲ್ಲ, ಊರ ಮಕ್ಕಳು ಸ್ಪ್ಯಾರೋಹಾಕ್ ಅಂತ ಕರೆದರು. ಸಣ್ಣ ಜಾತಿಯ ಗಿಡುಗ. ಜಗತ್ತಿನ ಬಾಯಲ್ಲಿ ಅವನಿಗೆ ಕೊನೆಯವರೆಗೂ ಅದೇ ಹೆಸರು.

ಮೂರನೆಯದು ನಿಜನಾಮ. ಆ ಲೋಕದ ನಿಯಮ ಹೀಗೆ: ಪ್ರತಿ ವಸ್ತುವಿಗೂ ಒಂದು ನಿಜವಾದ ಹೆಸರಿದೆ. ಅದು ಗೊತ್ತಿದ್ದವನ ಕೈಯಲ್ಲಿ ಆ ವಸ್ತುವಿನ ಜುಟ್ಟು. ಮನುಷ್ಯರಿಗೂ ಹಾಗೆಯೇ. ಆದ್ದರಿಂದ ನಿಜನಾಮ ಯಾರಿಗೂ ಹೇಳುವಂತಿಲ್ಲ. ಹದಿಮೂರು ತುಂಬಿದ ದಿನ ಹುಡುಗ ತಣ್ಣಗಿನ ಹೊಳೆಯ ನೀರಿಗೆ ಇಳಿಯಬೇಕು. ಇಳಿಯುವ ಮೊದಲು ಚಿಕ್ಕಮ್ಮ ಅವನಿಂದ ಡ್ಯೂನಿ ಎಂಬ ಹೆಸರನ್ನು ತೆಗೆದುಕೊಂಡಳು. ಹೆಸರಿಲ್ಲದೆ, ಬಟ್ಟೆಯೂ ಇಲ್ಲದೆ ಹುಡುಗ ಹೊಳೆ ದಾಟಿದ. ಆಚೆ ದಡದಲ್ಲಿ ಓಗಿಯನ್ ಎಂಬ ಮುದಿ ಮಂತ್ರವಾದಿ ತೋಳು ಹಿಡಿದು ಕಿವಿಯಲ್ಲಿ ಹೊಸ ಹೆಸರು ಹೇಳಿದ. ಗೆಡ್.

ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತೇನೆ, ಕ್ಷಮಿಸಿ. ಲೇಖಕಿಗೆ ಇದು ಎಲ್ಲಿಂದ ಹೊಳೆಯಿತೋ ನಾನು ಹೇಳಲಾರೆ. ಆದರೆ ಅವರ ಮನೆಯ ಒಂದು ಸಂಗತಿ ನಿಮಗೆ ಗೊತ್ತಿರಬೇಕು. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞ. 1911ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಊರಿಗೆ ಕಾಡಿನಿಂದ ಒಬ್ಬ ಮನುಷ್ಯ ಬಂದ. ಯಾಹಿ ಎಂಬ ಬುಡಕಟ್ಟಿನವನು. ಅವನ ಜನರೆಲ್ಲ ಕೊಲೆಯಾಗಿಯೋ ಹಸಿವಿನಿಂದಲೋ ಸತ್ತು ಇವನೊಬ್ಬ ಉಳಿದಿದ್ದ. ಕ್ರೋಬರ್ ಮತ್ತು ಜೊತೆಯವರು ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂಗೆ ಕರೆತಂದರು. ಹೆಸರೇನು ಅಂತ ಕೇಳಿದರು. ಅವನು ಹೇಳಲಿಲ್ಲ. ಅವನ ಜನರಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಪದ್ಧತಿ ಇಲ್ಲ. ಬೇರೆಯವರು ಪರಿಚಯ ಮಾಡಿಸಬೇಕು. ಮಾಡಿಸಲು ಯಾರೂ ಉಳಿದಿರಲಿಲ್ಲ. ಕೊನೆಗೆ ಕ್ರೋಬರ್ ಅವನನ್ನು ಇಶಿ ಅಂತ ಕರೆದರು. ಅವನ ಭಾಷೆಯಲ್ಲಿ ಇಶಿ ಅಂದರೆ ಸುಮ್ನೆ 'ಮನುಷ್ಯ'. 1916ರಲ್ಲಿ ಇಶಿ ಸತ್ತ. ನಿಜ ಹೆಸರು ಅವನ ಜೊತೆಯೇ ಹೋಯಿತು. ಲೆ ಗ್ವಿನ್ ಹುಟ್ಟಿದ್ದು 1929ರಲ್ಲಿ, ಅವನನ್ನು ನೋಡಿಲ್ಲ. ಆದರೆ ಅವರ ತಾಯಿ ಥಿಯೊಡೋರಾ ಮುಂದೆ ಇಶಿಯ ಬದುಕಿನ ಬಗ್ಗೆ ಪುಸ್ತಕವನ್ನೇ ಬರೆದರು.

ಹೆಸರು ಹೇಳಿಕೊಳ್ಳಲು ಇನ್ನೊಬ್ಬರು ಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಮ್ಮ ಕಡೆ ಹೆಸರಿನ ಲೆಕ್ಕವೇ ಬೇರೆ. ಶೇಣಿ ಅಂದರೆ ಏನು? ಊರು. ಆದರೆ ತಾಳಮದ್ದಳೆ ಕೇಳಿದವರಿಗೆ ಶೇಣಿ ಅಂದರೆ ಗೋಪಾಲಕೃಷ್ಣ ಭಟ್ಟರು. ಕಯ್ಯಾರ ಅಂದರೆ ಕವಿ ಕಿಞ್ಞಣ್ಣ ರೈಗಳು. ಊರೇ ಮನುಷ್ಯನ ಹೆಸರಾಗಿ ನಿಲ್ಲುತ್ತದೆ. ಹಾಗಿರುವಾಗ ಊರಿನ ಹೆಸರು ಅಲುಗಾಡಿದರೆ ನಮಗೆ ಮೈ ಉರಿಯುವುದರಲ್ಲಿ ಆಶ್ಚರ್ಯ ಏನಿದೆ? 2021ರಲ್ಲಿ ಇಲ್ಲಿನ ಊರುಗಳ ಹೆಸರು ಬದಲಾಗುತ್ತದೆ ಅಂತ ದೊಡ್ಡ ಗಲಾಟೆ ಆಯಿತು, ಹಾಗೇನೂ ಇಲ್ಲ ಅಂತ ಸರ್ಕಾರ ಹೇಳಿತು. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಒಂದೇ ಒಂದು ನೋಡಿ: ಕನ್ನಡದ ಹೊಸದುರ್ಗ ಮತ್ತು ಮಲಯಾಳದ ಪುದಿಯಕೋಟ. ಎರಡರ ಅರ್ಥವೂ ಹೊಸ ಕೋಟೆ. ಕೋಟೆ ಒಂದೇ, ಕಲ್ಲು ಒಂದೇ. ಆದರೆ ಒಬ್ಬನಿಗೆ ಒಂದು ಹೆಸರು ಮನೆ, ಇನ್ನೊಂದು ಬರೀ ಬೋರ್ಡು. ನಮ್ಮ ಹೊಳೆಗೂ ಎರಡು ಹೆಸರು, ಮೇಲೆ ಪಯಸ್ವಿನಿ, ಕೆಳಗೆ ಚಂದ್ರಗಿರಿ. ಹೊಳೆಗೆ ಅದರಿಂದ ಏನೂ ತೊಂದರೆ ಆದಂತಿಲ್ಲ.

ಗೆಡ್‌ಗೆ ಹೆಸರು ಕೊಟ್ಟ ಓಗಿಯನ್ ಅವನನ್ನು ಶಿಷ್ಯನಾಗಿ ಕರೆದುಕೊಂಡು ಹೋದ. ಹುಡುಗನಿಗೆ ಭಾರಿ ಆಸೆ, ನಾಳೆಯಿಂದಲೇ ದೊಡ್ಡ ದೊಡ್ಡ ಮಂತ್ರ ಕಲಿಯುತ್ತೇನೆ ಅಂತ. ಓಗಿಯನ್ ಏನೂ ಕಲಿಸುವುದಿಲ್ಲ. ನಡೆಯುತ್ತಾನೆ. ಸುಮ್ಮನಿರುತ್ತಾನೆ. ಗಿಡ ತೋರಿಸಿ ಇದು ಯಾವುದು ಅಂತ ಕೇಳುತ್ತಾನೆ. ಮಳೆ ಬರುತ್ತದೆ. ಆ ದ್ವೀಪದ ಸಣ್ಣಪುಟ್ಟ ಮಾಂತ್ರಿಕರೂ ಮೋಡವನ್ನು ಆಚೆ ದೂಡಬಲ್ಲರು. ಇವನು ದೂಡುವುದಿಲ್ಲ. ಒಳ್ಳೆಯ ಮರ ನೋಡಿ ಅಡಿಯಲ್ಲಿ ಮಲಗಿಬಿಡುತ್ತಾನೆ. ಗೆಡ್ ಪೊದೆಯಲ್ಲಿ ತೊಪ್ಪೆಯಾಗಿ ಕೂತು ಯೋಚಿಸುತ್ತಾನೆ: ಉಪಯೋಗಿಸದ ಶಕ್ತಿ ಇದ್ದೇನು ಪ್ರಯೋಜನ? ನಮ್ಮ ಆಟಿ ತಿಂಗಳ ಮಳೆಯಲ್ಲಿ ಮರದಡಿ ಮಲಗಿ ಅಂದರೆ ನಾನೂ ಗುರುವನ್ನು ಬಿಟ್ಟು ಓಡುತ್ತಿದ್ದೆ, ಅದು ಬೇರೆ ಮಾತು.

ನಗುವ ಪ್ರಸಂಗ ಇದು, ಆದರೆ ಗಮನಿಸಿ. ಏನೂ ಮಾಡಿ ತೋರಿಸದೆ ಇರಬಹುದಾದ ಜಾಗ ಆ ಹುಡುಗನಿಗೆ ಮೊದಲ ಸಲ ಸಿಕ್ಕಿತ್ತು. ಅಲ್ಲಿ ಅವನಿಗೆ ಊಟ ಇತ್ತು, ಹಾಸಿಗೆ ಇತ್ತು, ಅವನನ್ನು ಅಳೆಯದ ಒಬ್ಬ ಮನುಷ್ಯ ಇದ್ದ. ಗೆಡ್‌ಗೆ ಅದೇ ತಡೆಯಲಾಗಲಿಲ್ಲ. ಅಳೆಯದಿದ್ದರೆ ನಾನು ಎಷ್ಟು ಉದ್ದ ಅಂತ ಗೊತ್ತಾಗುವುದು ಹೇಗೆ? ಓಗಿಯನ್ ಕೇಳಿದ, ಇಲ್ಲಿರುತ್ತೀಯೋ, ರೋಕ್ ದ್ವೀಪದ ಮಂತ್ರಶಾಲೆಗೆ ಹೋಗುತ್ತೀಯೋ? ಹುಡುಗನಿಗೆ ಮುದುಕನ ಮೇಲೆ ಪ್ರೀತಿ ಇತ್ತು. ಆದರೂ ರೋಕ್ ಅಂದ. ಮನೆ ಸಿಕ್ಕಿದಾಗ ಅದು ಮನೆ ಅಂತ ಗುರುತಿಸಲಾಗದೆ ಬಿಟ್ಟು ಹೋಗುವುದು. ನಮ್ಮಲ್ಲಿ ಎಷ್ಟು ಜನ ಬಿಟ್ಟು ಹೋಗಿದ್ದೇವೆ.

ರೋಕ್‌ನಲ್ಲಿ ಜಾಸ್ಪರ್ ಸಿಗುತ್ತಾನೆ. ದೊಡ್ಡ ಮನೆತನದ ಹುಡುಗ, ಒಳ್ಳೆಯ ಬಟ್ಟೆ, ನಯವಾದ ಮಾತು. ಮೊದಲ ದಿನ ಗೆಡ್‌ಗೆ ಶಾಲೆ ತೋರಿಸುತ್ತಾನೆ. ಅವನ ಪ್ರತಿ ಮಾತೂ ಗೆಡ್‌ಗೆ ಚುಚ್ಚಿದಂತೆ ಕೇಳುತ್ತದೆ. ನಾನು ಆ ಭಾಗವನ್ನು ಎರಡು ಮೂರು ಸಲ ಓದಿದೆ. ನನ್ನ ಪ್ರಕಾರ ಅರ್ಧ ಜಾಸ್ಪರ್ ಚುಚ್ಚಿದ್ದು, ಅರ್ಧ ಗೆಡ್ ತಾನೇ ಚುಚ್ಚಿಕೊಂಡದ್ದು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಅವಮಾನ ಆದವನನ್ನೇ ಬೈಯುತ್ತೀರಾ ಅಂತ. ಬೈಯುವುದಿಲ್ಲ. ಸುಟ್ಟ ಚರ್ಮಕ್ಕೆ ಗಾಳಿಯೂ ಉರಿ. ಬೆಂಗಳೂರಿನ ಆ ಮನೆಯವರು ನಿಜವಾಗಿ ನನ್ನನ್ನು ಹೊಗಳಿದ್ದರೂ ಹೊಗಳಿರಬಹುದು!

ಒಂದು ರಾತ್ರಿ ಮಾತಿಗೆ ಮಾತು ಬೆಳೆಯಿತು. ಆಡು ಕಾಯುವವ ಎಂಬ ಕುಟುಕು ಬಂತು. ಗೆಡ್ ಪಂಥ ಕಟ್ಟಿದ. ಸತ್ತವರನ್ನು ಕರೆಯುತ್ತೇನೆ ಅಂದ. ಗುಡ್ಡದ ಮೇಲೆ ಎಲ್ಲರ ಎದುರು, ಸಾವಿರ ವರ್ಷ ಹಿಂದೆ ಸತ್ತ ಸುಂದರಿ ಎಲ್ಫಾರನ್‌ಳನ್ನು ಕರೆದ. ಅವಳ ರೂಪ ಕ್ಷಣ ಕಾಲ ಬಂತು. ಅದರ ಹಿಂದೆ ಲೋಕ ಹರಿದ ಹಾಗಾಗಿ ಒಂದು ಕಪ್ಪು ನೆರಳು ಒಳಗೆ ಬಂತು. ಗೆಡ್‌ನ ಮೇಲೆ ಹಾರಿ ಮುಖ ಸೀಳಿತು. ಆ ಬಿರುಕು ಮುಚ್ಚಲು ಶಾಲೆಯ ಮುಖ್ಯಗುರು ನೆಮರ್ಲ್ ತನ್ನ ಶಕ್ತಿಯನ್ನೆಲ್ಲ ಸುರಿದು ಪ್ರಾಣ ಬಿಟ್ಟ. ನೆರಳು ಮಾತ್ರ ತಪ್ಪಿಸಿಕೊಂಡಿತು.

ಈ ಕಡೆಯಲ್ಲಿ ನನಗೆ ಯಾವಾಗಲೂ ಕರ್ಣ ನೆನಪಾಗುತ್ತಾನೆ. ಹಸ್ತಿನಾವತಿಯ ರಂಗ, ಅಸ್ತ್ರಪ್ರದರ್ಶನ. ಕೃಪ ಕೇಳುತ್ತಾನೆ, ನಿನ್ನ ಕುಲ ಯಾವುದು? ಕರ್ಣನ ತಲೆ ತಗ್ಗುತ್ತದೆ. ದುರ್ಯೋಧನ ಅಲ್ಲೇ ಅಂಗರಾಜ್ಯ ಕೊಟ್ಟು ಅಭಿಷೇಕ ಮಾಡಿಸುತ್ತಾನೆ. ಅಷ್ಟರಲ್ಲಿ ಸೂತ ಅಧಿರಥ ಬೆವರಿಳಿಸಿಕೊಂಡು ಓಡಿ ಬರುತ್ತಾನೆ, ಮಗನನ್ನು ನೋಡಲು. ಕರ್ಣ ಏನು ಮಾಡಿದ? ಅಭಿಷೇಕದ ನೀರಿನಿಂದ ಒದ್ದೆಯಾದ ತಲೆಯನ್ನು ಎಲ್ಲರ ಎದುರು ಆ ಸೂತನಿಗೆ ಬಾಗಿಸಿದ. ಭೀಮ ನಕ್ಕ. ನಗಲಿ. ನನಗೆ ಕರ್ಣನ ಇಡೀ ಜೀವನದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಗೆಡ್‌ನಿಂದ ಆಗದೇ ಹೋದದ್ದು ಅದು. 'ಹೌದಪ್ಪ, ಆಡು ಕಾಯುತ್ತಿದ್ದೆ, ಅದರಲ್ಲೇನು' ಅಂತ ಒಂದು ಮಾತು ಹೇಳಿದ್ದರೆ ಮುದುಕ ಗುರು ಬದುಕುತ್ತಿದ್ದ. ಆದರೆ ಕರ್ಣನೂ ಪೂರ್ತಿ ಗೆಲ್ಲಲಿಲ್ಲ ನೋಡಿ. ಸಿಕ್ಕಿದ ರಾಜ್ಯದ ಋಣ ಅವನನ್ನು ಕುರುಕ್ಷೇತ್ರದವರೆಗೆ ಎಳೆದುಕೊಂಡು ಹೋಯಿತು. ಮರ್ಯಾದೆಯನ್ನು ಇನ್ನೊಬ್ಬರ ಕೈಯಿಂದ ತೆಗೆದುಕೊಂಡರೆ ಬಡ್ಡಿ ಕಟ್ಟಬೇಕಾಗುತ್ತದೆ, ಕರ್ಣನಿಗೂ, ಗೆಡ್‌ಗೂ.

ಗೆಡ್ ತಿಂಗಳುಗಟ್ಟಲೆ ಮಲಗಿದ. ಎದ್ದಾಗ ಮುಖದಲ್ಲಿ ಕಲೆ. ಜೊತೆಯವರು ಮುಂದೆ ಹೋಗಿದ್ದರು. ಈಗ ಅವನಿಗೆ ಮಂತ್ರ ಹೇಳಲೂ ಹೆದರಿಕೆ. ಮೊದಲು ನನ್ನಷ್ಟು ಯಾರಿದ್ದಾರೆ ಅಂತಿದ್ದವನು ಈಗ ನಾನು ಯಾವುದಕ್ಕೂ ಯೋಗ್ಯನಲ್ಲ ಅಂತಾನೆ. ಎರಡೂ ಒಂದೇ ಕಾಯಿಲೆ, ಜ್ವರ ಮತ್ತು ಚಳಿ ಇದ್ದ ಹಾಗೆ. ಹೊಗಳಿಕೆ ತುಂಬಿಸಿ ವಾಸಿ ಮಾಡುತ್ತೇನೆ ಅಂತ ಹೊರಟರೆ ಜ್ವರ ಏರುತ್ತದೆ ಅಷ್ಟೇ. ಮೇಷ್ಟ್ರಾಗಿ ನಾನು ಆ ತಪ್ಪು ಬೇಕಾದಷ್ಟು ಮಾಡಿದ್ದೇನೆ. 'ನೀನು ಜಾಣ, ನಿನ್ನಿಂದ ಆಗುತ್ತದೆ' ಅಂತ ಬೆನ್ನು ತಟ್ಟಿದ್ದೇ ತಟ್ಟಿದ್ದು.

ಅವನ ಗೆಳೆಯ ಒಬ್ಬನಿದ್ದ, ವೆಚ್. ಕಪ್ಪು ಬಣ್ಣದ, ದಪ್ಪ ಮೈಯ, ಹಳ್ಳಿಗಾಡಿನ ನಡತೆಯ ಹುಡುಗ. ಬಣ್ಣ ಅಂದಾಗ ನೆನಪಾಯಿತು, ಗೆಡ್ ತಾಮ್ರದ ಬಣ್ಣದವನು. ಆ ಲೋಕದಲ್ಲಿ ಹೆಚ್ಚಿನವರು ಕಂದು, ಕಪ್ಪು. ಬಿಳಿಯರು ದೂರದಿಂದ ಬಂದು ದಾಳಿ ಮಾಡುವವರು. 2004ರಲ್ಲಿ ಟೀವಿಯವರು ಇದನ್ನು ಧಾರಾವಾಹಿ ಮಾಡಿದಾಗ ಗೆಡ್‌ನ ಪಾತ್ರಕ್ಕೆ ಬಿಳಿ ಹುಡುಗನನ್ನು ಹಾಕಿದರು. ಲೇಖಕಿ ಸುಮ್ಮನಿರಲಿಲ್ಲ, ಬಹಿರಂಗವಾಗಿಯೇ ಬರೆದು ತಕರಾರು ತೆಗೆದರು. ಸರಿಯಾಗಿಯೇ ಮಾಡಿದರು.

ವೆಚ್ ಓದು ಮುಗಿಸಿ ಊರಿಗೆ ಹೊರಟ. ಹೋಗುವ ಮೊದಲು ಗೆಡ್‌ನ ಹತ್ತಿರ ಬಂದ. ಗೆಡ್ ಆಗ ಗುರುವಿನ ಸಾವಿಗೆ ಕಾರಣನಾದವ, ಬೆನ್ನ ಹಿಂದೆ ಪಿಶಾಚಿ ಇರುವವ. ಅಂಥವನಿಗೆ ವೆಚ್ ಧೈರ್ಯದ ಮಾತು ಹೇಳಲಿಲ್ಲ. ತನ್ನ ನಿಜನಾಮ ಹೇಳಿದ. ಎಸ್ಟಾರಿಯಲ್. ಅಷ್ಟೇ. ನನ್ನ ಪ್ರಾಣ ನಿನ್ನ ಕೈಯಲ್ಲಿದೆ ಅಂತ ಅದರ ಅರ್ಥ. ಗೆಡ್ ತನ್ನದನ್ನೂ ಹೇಳಿದ.

ಇಶಿಯನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇದಕ್ಕೆ. ತಾನು ಯಾರು ಎಂಬುದನ್ನು ಗೆಡ್ ಶಾಲೆಯಲ್ಲಿ ಗೆದ್ದು ಪಡೆಯಲಾಗಲಿಲ್ಲ. ಒಬ್ಬ ಬಂದು ತನ್ನ ಹೆಸರನ್ನು ಅವನ ಹತ್ತಿರ ಇಟ್ಟು ಹೋದ. ಇನ್ನೊಬ್ಬರ ಪ್ರಾಣ ಇಟ್ಟುಕೊಳ್ಳಬಹುದಾದಷ್ಟು ಜಾಗ ತನ್ನಲ್ಲಿದೆ ಅಂತ ಗೆಡ್‌ಗೆ ತಿಳಿದದ್ದು ಹಾಗೆ.

ಮುಂದಿನದನ್ನು ಬೇಗ ಹೇಳುತ್ತೇನೆ, ಓದುವವರು ಓದಿಕೊಳ್ಳಿ. ಗೆಡ್ ಸಣ್ಣ ದ್ವೀಪಕ್ಕೆ ಮಾಂತ್ರಿಕನಾಗಿ ಹೋದ. ಅಲ್ಲಿಂದ ಒಂದು ಮುದಿ ಡ್ರ್ಯಾಗನ್ ಎದುರಿಗೆ ಹೋಗಿ ನಿಂತ. ಡ್ರ್ಯಾಗನ್ ಬೆಲೆ ಹೇಳಿತು: ನಿನ್ನನ್ನು ಅಟ್ಟಿಸಿಕೊಂಡು ಬರುವ ನೆರಳಿನ ಹೆಸರು ಬೇಕೇ, ಹೇಳುತ್ತೇನೆ. ಹೆಸರು ಸಿಕ್ಕಿದರೆ ಗೆಡ್ ಬದುಕಿದ. ಆದರೂ ಅವನು ಅದನ್ನು ಬಿಟ್ಟು, ದ್ವೀಪದ ಜನರ ಮೇಲೆ ಎಂದೂ ಬರಬೇಡ ಎಂಬ ಮಾತು ತೆಗೆದುಕೊಂಡ. ಆ ದ್ವೀಪದವರು ಬಡ ಬೆಸ್ತರು, ದೋಣಿ ಕಟ್ಟುವವರು. ಅಲ್ಲಿ ಜಾಸ್ಪರ್ ನೋಡುತ್ತಿರಲಿಲ್ಲ. ಯಾರೂ ನೋಡುತ್ತಿರಲಿಲ್ಲ.

ಆಮೇಲೆ ನೆರಳು ಅವನನ್ನು ಊರಿಂದ ಊರಿಗೆ ಓಡಿಸಿತು. ಕೊನೆಗೆ ಗಿಡುಗನ ರೂಪ ತಾಳಿ ಸಮುದ್ರ ದಾಟಿ ಹಾರಿದ. ಹಾರಿ ಹಾರಿ ತಾನು ಮನುಷ್ಯ ಎಂಬುದೇ ಮರೆಯುತ್ತಾ ಬಂತು. ಎಲ್ಲಿಗೆ ಹೋದ? ಮಳೆಯಲ್ಲಿ ಮರದಡಿ ಮಲಗುತ್ತಿದ್ದ ಆ ಮುದುಕನ ಕೈಯ ಮೇಲೆ ಹೋಗಿ ಕೂತ. ಮುದುಕ ಅವನ ಹೆಸರು ಹಿಡಿದು ಕರೆದು ಮನುಷ್ಯನನ್ನಾಗಿ ಮಾಡಿದ. ಬೈಯಲಿಲ್ಲ. ಓಡಬೇಡ, ತಿರುಗಿ ನಿಲ್ಲು, ನೀನೇ ಅದನ್ನು ಅಟ್ಟು ಅಂದ.

ಗೆಡ್ ಅಟ್ಟಿದ. ವೆಚ್ ಜೊತೆಗೆ ಬಂದ. ದೋಣಿ ಲೋಕದ ಅಂಚು ದಾಟಿ ಹೋಯಿತು, ನೀರು ಮರಳಾಯಿತು. ಗೆಡ್ ಇಳಿದು ನಡೆದ. ನೆರಳು ಎದುರು ಬಂತು. ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಒಂದೇ ಹೆಸರು ಹೇಳಿದರು. ಗೆಡ್. ಇಷ್ಟು ದಿನ ಓಡಿಸಿದ್ದಕ್ಕೂ ಅವನದೇ ಹೆಸರು.

ನಾನು ಇದನ್ನು ಒಮ್ಮೆ ಎಂಟನೇ ಕ್ಲಾಸಿನಲ್ಲಿ ಹೇಳಿದ್ದೆ. ಹೊರಗೆ ಮಳೆ, ಕರೆಂಟು ಇಲ್ಲ, ಪಾಠ ಮಾಡುವ ಮನಸ್ಸು ಯಾರಿಗೂ ಇಲ್ಲ. ಎರಡು ಪೀರಿಯಡ್ ಕತೆಯೇ ಹೇಳಿದೆ. ಮುಗಿದ ಮೇಲೆ ಒಬ್ಬಳು ಹುಡುಗಿ ಕೇಳಿದಳು: 'ಸರ್, ಅವನ ಅಮ್ಮ ಇಟ್ಟ ಹೆಸರು ಏನಾಯಿತು?'

ಯಾರೂ ಕೇಳದ ಪ್ರಶ್ನೆ. ಚಿಕ್ಕಮ್ಮ ತೆಗೆದುಕೊಂಡಳು ಅಂದೆ. 'ತೆಗೆದುಕೊಂಡು ಎಲ್ಲಿ ಇಟ್ಟಳು?' ಅಂದಳು. ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಮತ್ತೆ ಪುಸ್ತಕ ತೆರೆದು ನೋಡಿದೆ. ಆ ಹೆಸರು ಎಲ್ಲಿಗೆ ಹೋಯಿತು ಅಂತ ಬರೆದಿಲ್ಲ.

ಮಾರನೆಯ ದಿನ ಲಾಂಗ್ ಬೆಲ್ ಆದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಉಳಿದುಕೊಂಡ. ಅಟೆಂಡೆನ್ಸಿನಲ್ಲಿ ಅವನಿಗೆ ಒಂದು ಹೆಸರು, 'ನ್' ಸೇರಿದ್ದು. ಆಟದ ಬಯಲಿನಲ್ಲಿ ಇನ್ನೊಂದು, ಅದನ್ನು ಇಲ್ಲಿ ಹೇಳುವಂತಿಲ್ಲ. ವರ್ಷವಿಡೀ ಬಾಯಿ ಬಿಡದ ಹುಡುಗ. ಚೀಲ ಹೆಗಲಿಗೆ ಹಾಕಿ, ಬಾಗಿಲಿನವರೆಗೆ ಹೋಗಿ, ತಿರುಗಿ ಬಂದ. ಅವನ ಅಜ್ಜಿ ಅವನನ್ನು ತುಳುವಿನಲ್ಲಿ ಏನೆಂದು ಕರೆಯುತ್ತಿದ್ದಳು ಅಂತ ಹೇಳಿದ. ಅಜ್ಜಿ ಹೋದ ಮೇಲೆ ಯಾರೂ ಹಾಗೆ ಕರೆದಿಲ್ಲವಂತೆ.

'ಯಾರಿಗೂ ಹೇಳಬೇಡಿ ಸರ್' ಅಂದ.

ಇಲ್ಲ ಅಂದೆ. ಅವನಿಗೆ ಈಗ ಮೂವತ್ತು ದಾಟಿರಬಹುದು. ಇವತ್ತೂ ಹೇಳುವುದಿಲ್ಲ.